ಅಮೆರಿಕದ ಕ್ರೈಸ್ತ ಮೂಲಭೂತವಾದಿಗಳಲ್ಲಿ ಕೆಲವರ ಅಸಹಿಷ್ಣುತೆ: ಚರ್ಚೆ

ನಾಗರಾಜ: 2007ರ ಜುಲೈ 12ರಂದು ಅಮೆರಿಕದ ಸೆನೆಟ್‌ನಲ್ಲಿ ಮೊದಲ ಬಾರಿಗೆ ಹಿಂದೂ ಪ್ರಾರ್ಥನೆ ನಡೆಯಿತು. ಹಿಂದೂ ಧರ್ಮಗುರು ರಾಜನ್ ಝೆಡ್ ಅವರು ಬಾಯಿ ತೆರೆಯುತ್ತಿದ್ದಂತೆ ಗ್ಯಾಲರಿಯಲ್ಲಿದ್ದ ಮೂವರು, ಇದು ದೇವರಿಗೆ ಹೇಯವಾದುದೆಂದು ಕೂಗಿ ಅಡ್ಡಿಪಡಿಸಿದರು. ಅವರನ್ನು ಹೊರಗೆಳೆದೊಯ್ದು ಬಂಧಿಸಬೇಕಾಯಿತು. ಅನ್ಯರು ದೇವರನ್ನು ನೆನೆಯುವುದನ್ನೂ ಸಹಿಸದ ಮನಸ್ಸನ್ನು ಭಕ್ತಿಯೆಂದು ಕರೆಯಲಾಗದು.

ವಿನ್ಸೆಂಟ್: ಮೂವರ ಕೂಗನ್ನು ಕೋಟ್ಯಂತರ ಜನರ ತಲೆಗೆ ಕಟ್ಟುವುದು ಯಾವ ನ್ಯಾಯ? 1910ರಿಂದ 1915ರವರೆಗೆ ಹೊರಬಂದ 'ದಿ ಫಂಡಮೆಂಟಲ್ಸ್' (ಮೂಲತತ್ವಗಳು) ಎಂಬ 12 ಪುಸ್ತಿಕೆಗಳಲ್ಲಿ ಮೂಲಭೂತವಾದದ ಬೇರಿದೆ; ಅವು ಸಮರ್ಥಿಸಿದ್ದು ಬೈಬಲ್ಲಿನ ಪ್ರಾಮಾಣ್ಯವನ್ನು.

ಸುಧಾ: ಮೂವರೇ ಎನ್ನುತ್ತೀರಿ. ಯೆಹೂದ್ಯನ ಪ್ರಾರ್ಥನೆಯನ್ನು ಸರ್ವಶಕ್ತ ದೇವರು ಆಲಿಸುವುದಿಲ್ಲವೆಂದು 1980ರಲ್ಲಿ ಬಹಿರಂಗವಾಗಿ ಹೇಳಿದ ಬೈಲಿ ಸ್ಮಿತ್ ಆಗ ಅಮೆರಿಕದ ದೊಡ್ಡ ಪ್ರಾಟೆಸ್ಟೆಂಟ್ ಸಂಘಟನೆಯಾದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದ ಅಧ್ಯಕ್ಷರಾಗಿದ್ದರು. ಕ್ಯಾನ್ಸಸ್‌ನ ವೆಸ್ಟ್‌ಬರೋ ಚರ್ಚಿನವರು, ಸಲಿಂಗಿಗಳನ್ನು ಸಹಿಸಿಕೊಂಡ ದೇಶವನ್ನು ದೇವರು ಶಿಕ್ಷಿಸುತ್ತಿದ್ದಾನೆಂದು ಸಾರುತ್ತ, ಸತ್ತ ಸೈನಿಕರಿಗಾಗಿ ದೇವರಿಗೆ ವಂದನೆ ಹೇಳುವ ಫಲಕಗಳನ್ನು ಅಂತ್ಯಕ್ರಿಯೆಗಳ ಬಳಿಯೇ ಹಿಡಿದು ನಿಲ್ಲುತ್ತಾರೆ.

ವಿನ್ಸೆಂಟ್: ವೆಸ್ಟ್‌ಬರೋ ಎಂದರೆ ಹೆಚ್ಚುಕಡಿಮೆ ಫ್ರೆಡ್ ಫೆಲ್ಪ್ಸ್ ಎಂಬುವರ ಒಂದೇ ಕುಟುಂಬ. ಅದನ್ನು ತಮ್ಮದೆನ್ನಲು ಬ್ಯಾಪ್ಟಿಸ್ಟ್ ಒಕ್ಕೂಟಗಳೇ ಸಿದ್ಧವಿಲ್ಲ.

ನಾಗರಾಜ: ಒಂದೇ ಕುಟುಂಬವಾದರೂ, ಸತ್ತ ಸೈನಿಕನೊಬ್ಬನ ತಂದೆ ಪರಿಹಾರ ಕೋರಿ ಅವರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 2011ರಲ್ಲಿ 8-1ರ ಬಹುಮತದಿಂದ ಅವರ ಪರವಾಗಿಯೇ ನಿಂತಿತಲ್ಲ.

ಇಮ್ತಿಯಾಜ್: "ಅವರ ಪರ" ಎಂಬ ಮಾತು ತಪ್ಪು, ನಾಗರಾಜರೇ. ಸಾರ್ವಜನಿಕ ವಿಷಯದ ಕುರಿತ ಮಾತು ಎಷ್ಟೇ ನೋವುಂಟುಮಾಡಿದರೂ ಅದಕ್ಕಾಗಿ ಪರಿಹಾರ ವಸೂಲು ಮಾಡುವಂತಿಲ್ಲವೆಂದಷ್ಟೇ ನ್ಯಾಯಾಲಯ ಹೇಳಿತು. ವೆಸ್ಟ್‌ಬರೋದವರು ನಿಂತದ್ದು ಅಂತ್ಯಕ್ರಿಯೆ ನಡೆದ ಚರ್ಚಿನಿಂದ ಸುಮಾರು 1000 ಅಡಿ ದೂರದಲ್ಲಿ, ಪೊಲೀಸರು ತೋರಿಸಿದ ಜಾಗದಲ್ಲಿ. ಮ್ಯಾಥ್ಯೂ ಸ್ನೈಡರ್ ಎಂಬ ಸೈನಿಕನ ತಂದೆಗೆ ಅಂದು ಕಂಡದ್ದು ಫಲಕಗಳ ತುದಿ ಮಾತ್ರ.

ಸುಧಾ: ತುದಿ ಮಾತ್ರವೇ? ಮಗನನ್ನು ಮಣ್ಣು ಮಾಡಿದ ದಿನವೇ ಆ ತಂದೆ ಟಿವಿ ಸುದ್ದಿಯಲ್ಲಿ ಫಲಕಗಳ ಬರಹವನ್ನು ಓದಿದರು. ಮೇಲ್ಮನವಿಯಲ್ಲಿ ಸೋತಾಗ ಎದುರಾಳಿಗಳ 16,510 ಡಾಲರ್ ಖರ್ಚನ್ನೂ ಕೊಡುವಂತೆ ಅವರಿಗೇ ಆದೇಶವಾಯಿತು. ಆ ಕೋರ್ಟಿನ ನ್ಯಾಯಮೂರ್ತಿ ಅಲಿಟೊ ಅವರ ಭಿನ್ನಮತದ ತೀರ್ಪನ್ನು ಓದಿ, ಇಮ್ತಿಯಾಜ್ ಅವರೇ. ಮುಕ್ತ ಚರ್ಚೆಯ ಹಕ್ಕು ಇಂತಹ ಕ್ರೂರ ನಿಂದನೆಗೆ ಪರವಾನಗಿಯಲ್ಲವೆಂದು ಅವರು ಬರೆದಿದ್ದಾರೆ.

ಇಮ್ತಿಯಾಜ್: ಒಬ್ಬರ ಭಿನ್ನಮತ ತೀರ್ಪಾಗುವುದಿಲ್ಲ. ದ್ವೇಷದ ಮಾತನ್ನು ಹತ್ತಿಕ್ಕುವ ಅಧಿಕಾರವನ್ನು ಇಂದು ಸರ್ಕಾರಕ್ಕೆ ಕೊಟ್ಟರೆ, ನಾಳೆ ಅದು ಮೊದಲು ಎರಗುವುದು ಅಲ್ಪಸಂಖ್ಯಾತರ ಮೇಲೆಯೇ.

ನಾಗರಾಜ: ಅಲ್ಪಸಂಖ್ಯಾತರ ರಕ್ಷಣೆಯೇ? ಫ್ಲಾರಿಡಾದ ಪಾದ್ರಿ ಟೆರ್ರಿ ಜೋನ್ಸ್ ಅವರ ಚರ್ಚಿನಲ್ಲಿ 2011ರ ಮಾರ್ಚ್ 20ರಂದು ಕುರಾನನ್ನು ಸುಟ್ಟರು. ಏಪ್ರಿಲ್ 1ರಂದು ಅಫ್ಘಾನಿಸ್ತಾನದ ಮಜಾರ್-ಎ-ಶರೀಫ್‌ನಲ್ಲಿ ಉದ್ರಿಕ್ತ ಗುಂಪು ವಿಶ್ವಸಂಸ್ಥೆಯ ಕಚೇರಿಗೆ ನುಗ್ಗಿ ಅಲ್ಲಿನ 7 ಮಂದಿಯನ್ನು ಕೊಂದಿತು. ಮುಕ್ತ ಮಾತಿನ ಆ ಹಕ್ಕಿನಿಂದ ಯಾರಿಗೆ ರಕ್ಷಣೆ ಸಿಕ್ಕಿತು?

ಇಮ್ತಿಯಾಜ್: ಕೊಂದವರ ಹೊಣೆಯನ್ನು ಸುಟ್ಟವರ ಮೇಲೆ ಹೊರಿಸಬೇಡಿ. ಆ ಕೃತ್ಯ ನನ್ನನ್ನು ನಿಮಗಿಂತ ಹೆಚ್ಚು ನೋಯಿಸಿದೆ, ಆದರೂ ನನ್ನ ಮಾತು ಬದಲಾಗದು.

ವಿನ್ಸೆಂಟ್: ಅದೇ ಜೋನ್ಸ್ 2010ರಲ್ಲಿ ಕುರಾನ್ ಸುಡುವುದಾಗಿ ಮೊದಲು ಸಾರಿದಾಗ, ಅದನ್ನು ಕೈಬಿಡಬೇಕೆಂದು ಇವಾಂಜೆಲಿಕಲ್ (ಸುವಾರ್ತೆ ಸಾರುವ) ಸಭೆಗಳ ರಾಷ್ಟ್ರೀಯ ಒಕ್ಕೂಟವೇ ಒತ್ತಾಯಿಸಿತ್ತು. ಇದನ್ನು ನೀವ್ಯಾರೂ ಏಕೆ ಹೇಳುವುದಿಲ್ಲ? ನಿಮಗೆ ಬೇಕಾಗಿರುವುದು ಸತ್ಯವಲ್ಲ, ನಮ್ಮ ಸಭೆಗಳ ಮೇಲೊಂದು ಕಳಂಕ!

ಸುಧಾ: ಕಳಂಕ ಹಚ್ಚಿದವರು ನಾವಲ್ಲ, ವಿನ್ಸೆಂಟ್ ಅವರೇ. ಬೈಲಿ ಸ್ಮಿತ್ ಬಗ್ಗೆ ನಾನು ಬರೆದುದಕ್ಕೆ ನೀವು ಇದುವರೆಗೂ ಉತ್ತರಿಸಿಲ್ಲ.