ಉಪ್ಪಿನಕಾಯಿ ಫೋಟೊಗೆ ಲೈಕ್ ಬರುತ್ತೆ, ಆರ್ಡರ್ ಬರಲ್ಲ. ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಸಾಗರದ ಹತ್ತಿರ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಅಮ್ಮ, ಹೆಂಡತಿ, ನಾನು, ಮೂರೇ ಜನ. ಇನ್‌ಸ್ಟಾಗ್ರಾಂನಲ್ಲಿ 2,100 ಫಾಲೋವರ್ಸ್ ಇದ್ದಾರೆ. ವಾರಕ್ಕೆ ಮೂರು ಸಲ ಬಾಟಲಿ ಫೋಟೊ ಹಾಕಿ, ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಅಂತ ಬರೆಯುತ್ತೇನೆ. ಇಪ್ಪತ್ತು ಲೈಕ್ ಬಂದರೆ ಹೆಚ್ಚು, ಅದರಲ್ಲಿ ಅರ್ಧ ನೆಂಟರದ್ದು. ಆರ್ಡರ್ ಬರುವುದೆಲ್ಲ ಹಳೇ ಗಿರಾಕಿಗಳಿಂದ, ವಾಟ್ಸಾಪ್‌ನಲ್ಲಿ. ದುಡ್ಡು ಕೊಟ್ಟು ಪೋಸ್ಟ್ ಬೂಸ್ಟ್ ಮಾಡಿಸಬೇಕಾ?

ಉತ್ತರ: ನಮಸ್ಕಾರ ಸರ್. ಸದ್ಯಕ್ಕೆ ಬೂಸ್ಟ್ ಬೇಡ. 20 ಜನ ನೋಡಿ ಸುಮ್ಮನಾದ ಫೋಟೊವನ್ನು ದುಡ್ಡು ಕೊಟ್ಟು 5,000 ಜನಕ್ಕೆ ತೋರಿಸಿದರೆ, 5,000 ಜನ ನೋಡಿ ಸುಮ್ಮನಾಗುತ್ತಾರೆ, ಅಷ್ಟೇ.

ನಿಮ್ಮ ಪೇಜ್ ನೋಡಿದೆ. ಎಲ್ಲ ಫೋಟೊದಲ್ಲೂ ಒಂದೇ ಬಾಟಲಿ, ಒಂದೇ ಮೇಜು. ಗಿರಾಕಿ ಏನಂತ ಮಾತಾಡಬೇಕು ಹೇಳಿ? ಒಂದು ಕೆಲಸ ಮಾಡಿ. ನಿಮ್ಮ ವಾಟ್ಸಾಪ್ ತೆರೆದು, ಕಳೆದ ವರ್ಷ ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾನೇ ಊಹೆ ಮಾಡಬಲ್ಲೆ. ‘ಮಿಡಿ ಯಾಕೆ ಇಷ್ಟು ಮುದುಡಿದೆ, ಹಳೇದಾ?’ ‘ಎಣ್ಣೆಯೇ ಇಲ್ವಲ್ಲ, ಕೆಡಲ್ವಾ?’ ‘ಇದು ಮಾಮೂಲಿ ಮಾವಿನಮಿಡಿಯೇ ತಾನೇ, ಇಷ್ಟು ರೇಟ್ ಯಾಕೆ?’ ಬೆಂಗಳೂರಿನಲ್ಲಿ ಎಣ್ಣೆ ತೇಲುವ ಉಪ್ಪಿನಕಾಯಿ ತಿಂದವರಿಗೆ ಇದೆಲ್ಲ ನಿಜವಾದ ಅನುಮಾನ. ಒಂದೊಂದು ಪ್ರಶ್ನೆಗೂ ಒಂದೊಂದು ಸಣ್ಣ ವಿಡಿಯೊ ಮಾಡಿ, ಅರ್ಧ ನಿಮಿಷ ಸಾಕು. ಉಪ್ಪು ಮಿಡಿಯ ನೀರನ್ನೆಲ್ಲ ಎಳೆಯುತ್ತೆ, ಅದಕ್ಕೇ ಮುದುಡುತ್ತೆ ಅಂತ ಅಮ್ಮ ಭರಣಿಯಿಂದ ಒಂದು ಮಿಡಿ ತೆಗೆದು ತೋರಿಸಲಿ. ಕೊಯ್ಲಿನ ದಿನ ಮರ ಹತ್ತುವವರ ಹಿಂದೆ ಫೋನ್ ಹಿಡಿದು ನಿಲ್ಲಿ. ಉದುರಿಸಿದರೆ ಪೆಟ್ಟು ಬೀಳುತ್ತೆ, ಪೆಟ್ಟು ಬಿದ್ದ ಮಿಡಿ ಭರಣಿಯಲ್ಲಿ ಬಾಳುವುದಿಲ್ಲ. ಹಾಗಾಗಿ ತೊಟ್ಟಿನ ಸಮೇತ ಕೈಯಲ್ಲೇ ಕೊಯ್ದು ಇಳಿಸಬೇಕು. ಅದನ್ನು ಕಣ್ಣಲ್ಲಿ ನೋಡಿದವರು ಆಮೇಲೆ ರೇಟ್ ಬಗ್ಗೆ ಚೌಕಾಶಿ ಮಾಡುವುದು ಕಡಿಮೆ.

ಎರಡನೇದು, ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಅನ್ನುವುದನ್ನು ಇವತ್ತೇ ತೆಗೆಯಿರಿ. ಸಂತೆಯಲ್ಲಿ ಬೆಲೆ ಕೇಳಿದರೆ ‘ಪಕ್ಕಕ್ಕೆ ಬನ್ನಿ, ಕಿವಿಯಲ್ಲಿ ಹೇಳ್ತೀನಿ’ ಅಂತೀರಾ? ಬಹಿರಂಗವಾಗಿ ಬರೆಯಿರಿ.

ಇನ್ನು ವಾಟ್ಸಾಪ್. ಆರ್ಡರ್ ಬರುವುದು ಅಲ್ಲಿಂದ ಅಂದರೆ ನಿಮ್ಮ ಅಂಗಡಿ ಇರುವುದೇ ಅಲ್ಲಿ. ಇನ್‌ಸ್ಟಾಗ್ರಾಂ ಅದರ ಬೋರ್ಡ್. ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತ, ಕ್ಯಾಟಲಾಗ್‌ನಲ್ಲಿ ಫೋಟೊ, ತೂಕ, ಬೆಲೆ ಹಾಕಿಡಬಹುದು. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ (ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತೆ), ಒಂದರಲ್ಲಿ 256 ಜನರನ್ನು ಸೇರಿಸಬಹುದು. ಆದರೆ ಗಿರಾಕಿಯ ಫೋನ್‌ನಲ್ಲಿ ನಿಮ್ಮ ನಂಬರ್ ಸೇವ್ ಆಗಿಲ್ಲದಿದ್ದರೆ ಆ ಮೆಸೇಜ್ ಅವರಿಗೆ ಹೋಗುವುದೇ ಇಲ್ಲ. ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಅದಕ್ಕೇ ಪ್ರತಿ ಪಾರ್ಸಲ್ ಒಳಗೆ ಒಂದು ಚೀಟಿ ಇಡಿ: ‘ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಮಿಡಿ ಬಂದಾಗ ತಿಳಿಸುತ್ತೇವೆ.’ ಗ್ರೂಪ್ ಮಾತ್ರ ಮಾಡಬೇಡಿ. ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ, ಎರಡೇ ದಿನದಲ್ಲಿ ಗುಡ್ ಮಾರ್ನಿಂಗ್ ಹೂವು ಶುರುವಾಗುತ್ತೆ.

ಪ್ರಶ್ನೆ (ಹುಬ್ಬಳ್ಳಿಯಿಂದ ಒಬ್ಬರು): ಮೇಡಂ, ನಮ್ಮದು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ರೀಲ್ಸ್ ಮಾಡುವ ಹುಡುಗ ಒಬ್ಬ ಒಂದು ವಿಡಿಯೊಗೆ 15,000 ಕೇಳುತ್ತಿದ್ದಾನೆ. ಕೊಡಬಹುದಾ?

ಉತ್ತರ: ಅವನ ಫಾಲೋವರ್ಸ್ ಎಷ್ಟು ಅಂತ ನೋಡಬೇಡಿ ಅಣ್ಣ, ಕಮೆಂಟ್ ಓದಿ. ‘ಎಲ್ಲಿ ಸಿಗುತ್ತೆ, ಎಷ್ಟು?’ ಅಂತ ಕೇಳುವವರು ಇದ್ದಾರಾ, ಇಲ್ಲ ಬರೀ ಬೆಂಕಿ ಎಮೋಜಿಯಾ? ನಾನಾಗಿದ್ದರೆ ಆ 15,000ದಲ್ಲಿ ಹಳೇ ಗಿರಾಕಿಗಳಿಗೆ ಒಂದೊಂದು ಸಣ್ಣ ಪೊಟ್ಟಣ ಚಟ್ನಿ ಕಳಿಸುತ್ತಿದ್ದೆ. ಇನ್ನೊಂದು ವಿಷಯ. ದುಡ್ಡು ಕೊಟ್ಟರೂ, ಬರೀ ರೊಟ್ಟಿ ಪುಕ್ಕಟೆ ಕೊಟ್ಟರೂ, ಅದು ಜಾಹೀರಾತು ಅಂತ ವಿಡಿಯೊದಲ್ಲಿ ಎದ್ದು ಕಾಣುವಂತೆ ಹಾಕಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಈ ನಿಯಮ ತಂದಿದೆ. ‘ಹಾಗೆ ಹಾಕಲ್ಲ’ ಅನ್ನುವವನ ಸಹವಾಸ ಬೇಡ.

ಪ್ರಶ್ನೆ (ಸಾಗರದವರು): ನಮ್ಮ ಒಂದು ಪೋಸ್ಟ್ ಕೆಳಗೆ ‘ಬಾಟಲಿ ಸೋರಿದೆ, ದುಡ್ಡು ದಂಡ’ ಅಂತ ಒಬ್ಬರು ಬರೆದರು. ಕೊರಿಯರ್‌ನವರ ತಪ್ಪು. ನಾನು ಕಮೆಂಟ್ ಅಳಿಸಿಬಿಟ್ಟೆ.

ಉತ್ತರ: ಅಯ್ಯೋ. ಅಳಿಸಿದ್ದು ಅವರಿಗೆ ಗೊತ್ತಾಗಿರುತ್ತೆ. ಈಗ ಇನ್ನೂ ನಾಲ್ಕು ಕಡೆ ಬರೆಯುತ್ತಾರೆ. ನಿಮ್ಮ ಮಟ್ಟಿಗೆ ಕೊರಿಯರ್ ತಪ್ಪು, ಅವರ ಮಟ್ಟಿಗೆ ನಿಮ್ಮ ಬಾಟಲಿ. ಇವತ್ತೇ ಫೋನ್ ಮಾಡಿ, ಬೇರೆ ಬಾಟಲಿ ಕಳಿಸಿ. ಮುಂದೆ ಇಂಥದ್ದು ಬಂದರೆ ಅದರ ಕೆಳಗೇ ಉತ್ತರ ಕೊಡಿ: ‘ಕ್ಷಮಿಸಿ, ಬೇರೆ ಕಳಿಸುತ್ತಿದ್ದೇವೆ, ಈಗಲೇ ಫೋನ್ ಮಾಡ್ತೀನಿ.’ ಆ ಉತ್ತರ ಅವರೊಬ್ಬರಿಗಲ್ಲ, ಓದುತ್ತಿರುವ ಉಳಿದವರಿಗೂ. ಆಮೇಲೆ ಈಗ ಹೇಗೆ ಪ್ಯಾಕ್ ಮಾಡುತ್ತೀರಿ ಅಂತ ಒಂದು ವಿಡಿಯೊ ಹಾಕಿ. ಲೇಬಲ್ ತೋರಿಸುವಾಗ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಕಾಣಲಿ, ಮೊದಲ ಸಲ ಕೊಳ್ಳುವವರು ಅದನ್ನು ಹುಡುಕುತ್ತಾರೆ. ಅಪ್ಪೆಮಿಡಿಗೆ ಜಿಐ ಟ್ಯಾಗ್ (ಇಂಥ ಊರಿನ ವಿಶೇಷ ಅನ್ನುವ ಸರ್ಕಾರಿ ಗುರುತು) ಇದೆ, ನಿಜ. ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಆ ಗುರುತನ್ನು ಬಾಟಲಿ ಮೇಲೆ ಹಾಕಬೇಡಿ.

ಸಾಗರದವರು (ಎರಡು ವಾರದ ನಂತರ): ಮೇಡಂ, ಆ ಗಿರಾಕಿಗೆ ಬೇರೆ ಬಾಟಲಿ ಕಳಿಸಿದೆ. ಅವರೇ ಫೋಟೊ ಹಾಕಿ ಚೆನ್ನಾಗಿದೆ ಅಂತ ಬರೆದಿದ್ದಾರೆ. ನಾಳೆ ಭರಣಿ ವಿಡಿಯೊ ಮಾಡಬೇಕು. ಅಮ್ಮ ಮುಖ ತೋರಿಸಲ್ಲ ಅಂತಿದ್ದಾರೆ. ಬರೀ ಕೈ ತೋರಿಸಿ, ಹಿಂದೆ ಒಂದು ಸಿನಿಮಾ ಹಾಡು ಹಾಕಲಾ?

ಉತ್ತರ: ಕೈ ಸಾಕು. ಹಾಡು ಬೇಡ. ವ್ಯಾಪಾರಕ್ಕೆ ಸಿನಿಮಾ ಹಾಡು ಬಳಸಿದರೆ ಹಕ್ಕುಸ್ವಾಮ್ಯದ ತಕರಾರು ಬಂದು ವಿಡಿಯೊ ಮೂಕವಾಗಬಹುದು. ಭರಣಿ ಮುಚ್ಚಳದ ಸದ್ದು, ಅಮ್ಮನ ಬಳೆ ಸದ್ದು ಕೇಳಲಿ. ಅವರು ನಿಮ್ಮ ಮನೆ ಮಾತಲ್ಲೇ ಹೇಳಲಿ, ಗ್ರಂಥದ ಕನ್ನಡ ಬೇಡ.

ಇದನ್ನು ಓದುತ್ತಿದ್ದ ಒಬ್ಬ ಮಹಿಳೆ: ಇದನ್ನೆಲ್ಲ ಓದಿ ಬಾಯಲ್ಲಿ ನೀರು ಬಂತು. ಅರ್ಧ ಕೆಜಿ ಎಷ್ಟು ಸರ್?

ಸಾಗರದವರು: ಇನ್‌ಬಾಕ್ಸ್ ಮಾಡಿ ಮೇಡಂ.

ಉತ್ತರ: ಸರ್!!

ಸಾಗರದವರು: ಕ್ಷಮಿಸಿ, ಅಭ್ಯಾಸ ಬಲ. ಅರ್ಧ ಕೆಜಿ 320 ರೂಪಾಯಿ, ಕೊರಿಯರ್ ಬೇರೆ.