‘ಸಮರ್ಥನೀಯ’ ಸರಿಯಾ? ‘ಕೊಡುಗೆ’ ಸರಿಯಾ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮೂರ ಪಂಚಾಯಿತಿ ಹತ್ತಿರ ಒಂದು ಕಾರ್ಖಾನೆಯವರು ಕನ್ನಡದ ಪುಸ್ತಿಕೆ ಹಂಚಿದರು. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ‘ಸಮರ್ಥನೀಯ ನೀರಿನ ಬಳಕೆ’ ಅಂತ ಇತ್ತು. ನಮ್ಮ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿ, ‘ಏನಪ್ಪಾ, ಇವರು ನೀರು ಎತ್ತಿದ್ದು ಸರಿ ಅಂತ ವಾದ ಮಾಡ್ತಿದ್ದಾರಾ?’ ಅಂತ ಕೇಳಿದರು. ಅವರು ತಮಾಷೆ ಮಾಡಲಿಲ್ಲ. ಆ ಪದ ಅವರಿಗೆ ಕೊಟ್ಟ ಅರ್ಥವೇ ಅದು. ನಮಗೂ ಅದೇ ಅರ್ಥ ಅಲ್ವಾ? ‘ಅವನ ನಡತೆ ಸಮರ್ಥನೀಯವಲ್ಲ’ ಅಂತಲೇ ಬರೆಯುತ್ತೇವೆ.

ಸಸ್ಟೈನಬಿಲಿಟಿಗೆ, ಅಂದರೆ ನೀರು, ಕಾಡು ಮುಗಿಯದಂತೆ ಬಳಸುವುದಕ್ಕೆ, ‘ಸಮರ್ಥನೀಯತೆ’ ಅನ್ನೋ ಪದ ಈಗ ಕಂಪನಿಗಳ ಕನ್ನಡ ಬರಹದಲ್ಲಿ ಜಾಸ್ತಿ ಕಾಣುತ್ತಿದೆ. ಕೋರ್ಟಿನ ಇಂಗ್ಲಿಷಿನಲ್ಲಿ ಸಸ್ಟೈನ್ ಅಂದರೆ ಒಂದು ವಾದವನ್ನು ಎತ್ತಿಹಿಡಿಯೋದು. ಆ ಅರ್ಥವನ್ನು ತಂದು ನೀರಿಗೂ ಕಾಡಿಗೂ ಅಂಟಿಸಿದ್ದಾರೆ ಅಂತ ನನ್ನ ಊಹೆ. ಇದನ್ನು ಬಿಟ್ಟೇಬಿಡಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

‘ಸುಸ್ಥಿರ’ ವಾಸಿ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಗುರಿಗಳನ್ನು ನಾವು ‘ಸುಸ್ಥಿರ ಅಭಿವೃದ್ಧಿ ಗುರಿಗಳು’ ಅಂತಲೇ ಕರೆಯುತ್ತೇವೆ, ಪತ್ರಿಕೆ ಓದುವವರಿಗೆ ಪದ ಗೊತ್ತು. ಆದರೆ ‘ಸ್ಥಿರ’ ಅಂದ ಕೂಡಲೇ ಸ್ಥಿರಾಸ್ತಿ, ಸ್ಥಿರ ಸರ್ಕಾರ ನೆನಪಾಗುತ್ತವೆ, ಅಲುಗಾಡದೆ ಇರೋದು ಅಂತ. ಇಂಥ ಅಭಿವೃದ್ಧಿ ಅಂದರೇನು ಅಂತ ವಿಶ್ವಸಂಸ್ಥೆಯ ಆಯೋಗವೊಂದರ 1987ರ ಬ್ರುಂಟ್‌ಲಂಡ್ ವರದಿ ಹೇಳಿದ್ದು ಬೇರೆ: ಈಗಿನವರ ಅಗತ್ಯ ಪೂರೈಸಬೇಕು, ಆದರೆ ಮುಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳೋದಕ್ಕೆ ಅಡ್ಡಿಯಾಗಬಾರದು. ಬಿತ್ತನೆ ಕಾಳನ್ನು ಉಣ್ಣದೆ ಎತ್ತಿಡುವ ಮನೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಾಗಿರುವಾಗ ‘ತಾಳಿಕೆ’ ಯಾಕಾಗಬಾರದು? ‘ನೆಲ ತಾಳುವಷ್ಟು ನೀರು ಎತ್ತುವುದು’ ಅಂತ ಬರೆದಿದ್ದರೆ ದೊಡ್ಡಪ್ಪ ತಕ್ಷಣ ‘ಎಷ್ಟು ತಾಳುತ್ತೆ? ಎಷ್ಟು ಎತ್ತುತ್ತೀರಿ?’ ಅಂತ ಕೇಳುತ್ತಿದ್ದರು. ಪುಸ್ತಿಕೆ ಹಂಚಿದ್ದಕ್ಕೆ ಆಗ ಒಂದು ಅರ್ಥ ಇರುತ್ತಿತ್ತು. ‘ಬಾಳಿಕೆ’ ಅನ್ನೋಣವೆಂದರೆ ಅದು ಸೀರೆ, ಚಪ್ಪಲಿ ಎಷ್ಟು ದಿನ ಬರುತ್ತೆ ಅನ್ನೋ ಕಡೆ ವಾಲುತ್ತದೆ.

ಎರಡನೇ ಪ್ರಶ್ನೆ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣದ ಬಗ್ಗೆ. ಪತ್ರಿಕೆಗಳಲ್ಲಿ ‘ಸಾಮಾಜಿಕ ಹೊಣೆಗಾರಿಕೆ ನಿಧಿ’ ಅಂತ ಬರುತ್ತದೆ, ಊರಲ್ಲಿ ಎಲ್ಲರೂ ‘ಸಿಎಸ್‌ಆರ್ ಫಂಡು’ ಅನ್ನುತ್ತಾರೆ. ‘ಹೊಣೆ’ ನನಗೆ ಇಷ್ಟದ ಪದ. ಹಳೆಯ ಅರ್ಥ ಜಾಮೀನು. ಸಾಲಕ್ಕೆ ಹೊಣೆ ನಿಂತವನು ತಪ್ಪಿಸಿಕೊಳ್ಳುವ ಹಾಗಿಲ್ಲ. ‘ಜವಾಬ್ದಾರಿ’ಯೂ ಒಳ್ಳೆಯದೇ, ಅದರೊಳಗೆ ಜವಾಬು ಇದೆ, ಕೇಳಿದರೆ ಉತ್ತರ ಕೊಡಬೇಕು ಅಂತ. ನನ್ನ ತಕರಾರು ಇರೋದು ಶಾಲೆಯ ಗೋಡೆ, ನೀರಿನ ಘಟಕ, ಬಸ್ ತಂಗುದಾಣದ ಮೇಲೆ ಇಂಥ ಹಣದ ಕೆಲಸಕ್ಕೂ ಬರೆಯುವ ‘ಕೊಡುಗೆ’ ಅನ್ನೋ ಪದದ ಮೇಲೆ. ಕೊಡುಗೆ ಅಂದರೆ ಮನಸ್ಸು ಬಂದು ಕೊಟ್ಟದ್ದು. ಆದರೆ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ 3 ವರ್ಷಗಳ ಸರಾಸರಿ ಲಾಭದ 2% ಖರ್ಚು ಮಾಡಲೇಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಖರ್ಚಾಗದೆ ಉಳಿದದ್ದನ್ನು ಸುಮ್ನೆ ಇಟ್ಟುಕೊಳ್ಳುವ ಹಾಗೂ ಇಲ್ಲ, ನಿಗದಿಯಾದ ಖಾತೆಗೋ ನಿಧಿಗೋ ಹಾಕಬೇಕು. ತಮ್ಮ ನೌಕರರಿಗಷ್ಟೇ ಮಾಡಿದ್ದು, ಪಕ್ಷಗಳಿಗೆ ಕೊಟ್ಟದ್ದು ಇದರ ಲೆಕ್ಕಕ್ಕೆ ಸೇರಲ್ಲ. ಕಾನೂನು ಹೇಳಿದ್ದನ್ನು ಮಾಡಿದಾಗ ‘ಕೊಡುಗೆ’ ಅಂತ ಬರೆದರೆ ಊರಿನವರು ಕೈಮುಗಿದು ಸುಮ್ಮನಾಗುತ್ತಾರೆ, ಲೆಕ್ಕ ಕೇಳಲು ಸಂಕೋಚಪಡುತ್ತಾರೆ. ಹಾಗಂತ ಒಳ್ಳೆಯ ಕೆಲಸ ಮಾಡಿದವರನ್ನು ಹಳಿಯುತ್ತಿಲ್ಲ, ನಮ್ಮೂರ ಶಾಲೆಯ ಶೌಚಾಲಯ ಅದೇ ಹಣದ್ದು, ಹೆಣ್ಣುಮಕ್ಕಳಿಗೆ ತುಂಬಾ ಅನುಕೂಲ ಆಗಿದೆ. ‘ಸಿಎಸ್‌ಆರ್ ಹಣದಲ್ಲಿ ಕಟ್ಟಿದ್ದು’ ಅಂತ ಬರೆದರೆ ಸಾಕು ಅನ್ನಿಸುತ್ತದೆ.

‘ಸಾರ್ವಜನಿಕ ನೀತಿ’ ಬಗ್ಗೆಯೂ ಒಂದು ಮಾತು. ನೀತಿ ಅಂದರೆ ನಮಗೆ ನೀತಿಕಥೆಯ ನೀತಿಯೂ ಹೌದು. ಆ ಪುಸ್ತಿಕೆಯಲ್ಲಿ ‘ನಮ್ಮ ಸಾರ್ವಜನಿಕ ನೀತಿ’ ಅಂತ ಒಂದು ಅಧ್ಯಾಯ ಇತ್ತು. ಒಳಗೆ ನೋಡಿದರೆ ಸರ್ಕಾರದ ನಿಯಮಗಳು ಹೇಗಿರಬೇಕು ಅಂತ ಕಂಪನಿ ಕೊಟ್ಟ ಸಲಹೆಗಳು! ‘ಸರ್ಕಾರಕ್ಕೆ ನಾವು ಹೇಳಿದ್ದು’ ಅಂತ ನೇರವಾಗಿ ಬರೆಯಬಹುದಿತ್ತು.

ಇದು ಬರೀ ಪದದ ಚಪಲ ಅಲ್ಲ. ದೊಡ್ಡ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಅಹವಾಲು ಸಭೆ ನಡೆಯುವಾಗ, ಯೋಜನೆಯಿಂದ ಪರಿಸರಕ್ಕೆ ಆಗುವ ಪರಿಣಾಮದ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಅಲ್ಲಿ ‘ಸಮರ್ಥನೀಯ’ ಅಂತ ಬಂದರೆ ಜನ ಯಾವುದನ್ನು ಪ್ರಶ್ನಿಸಬೇಕು?

‘ತಾಳಿಕೆ’ಯನ್ನು ಈ ಅರ್ಥದಲ್ಲಿ ಬಳಸಿದವರು ಇಲ್ಲಿ ಯಾರಾದರೂ ಇದ್ದೀರಾ? ಕರಾವಳಿಯಲ್ಲಿ, ಹುಬ್ಬಳ್ಳಿ ಕಡೆ, ಕಲಬುರಗಿ ಕಡೆ ಬಾವಿ ಬತ್ತದಂತೆ ನೀರು ಸೇದುವುದಕ್ಕೆ, ಹುಲ್ಲುಗಾವಲು ಮುಗಿಯದಂತೆ ದನ ಮೇಯಿಸುವುದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ಆ ಕಾರ್ಖಾನೆಯವರಿಗೆ ಪತ್ರ ಬರೆಯುತ್ತಿದ್ದೇನೆ, ಸರಿಯಾದ ಪದವನ್ನೂ ಸೇರಿಸಿ ಕಳಿಸಬೇಕು.