ಮೊದಲ ಸ್ಕೀ ಬೂಟು: ಅಳತಿ ಹ್ಯಾಂಗ ನೋಡೋದು?

ಪ್ರಶ್ನೆ: ಕಲಬುರಗಿಯಿಂದ ಜನವರಿಯಾಗ ಗುಲ್ಮಾರ್ಗಕ್ಕ ಸ್ಕೀ ಕಲಿಯಾಕ ಹೊಂಟೀವ್ರಿ. ನಂದು 8ನೇ ನಂಬರ್ ಬೂಟು. ಒಂದ್ ನಂಬರ್ ದೊಡ್ಡದು ತಗೊಂಡ್ರ ನಡೀತದೇನ್ರಿ?

ಉತ್ತರ 1: ದೊಡ್ಡದು ಬ್ಯಾಡ್ರಿ. ಸ್ಕೀ ಬೂಟಿನ ನಂಬರಂದ್ರ ಪಾದದ ಉದ್ದ, ಸೆಂಟಿಮೀಟರಿನಾಗ, ಮಾಂಡೊಪಾಯಿಂಟ್ ಅಂತಾರ. ಹಿಮ್ಮಡಿ ಗ್ವಾಡಿಗಿ ಹಚ್ಚಿ ನಿಂತು ಉದ್ದನೆ ಬೆರಳಿನತನಕ ಎರಡೂ ಕಾಲು ಅಳೀರಿ. 26.5 ಬಂದ್ರ 26.5ಏ. ಅಂಗಡ್ಯಾಗ ಲೈನರ್, ಅಂದ್ರ ಒಳಗಿನ ಮೆತ್ತನ ಬೂಟು, ತೆಗೆಸಿ ಬರೇ ಹೊರಗಿನ ಗಟ್ಟಿ ಶೆಲ್‌ನಾಗ ಕಾಲಿಡ್ರಿ. ಬೆರಳು ಮುಂದ ತಾಗಿಸಿದಾಗ ಹಿಮ್ಮಡಿ ಹಿಂದ 1.5–2 ಸೆಂ.ಮೀ. ಜಾಗ ಇರಬೇಕು. ಹೆಚ್ಚಿದ್ರ ಹಿಮ್ಮಡಿ ಮ್ಯಾಲೇಳ್ತದ, ಆಮ್ಯಾಲ ಸ್ಕೀ ನಿಮ್ಮ ಮಾತು ಕೇಳಂಗಿಲ್ಲ.

ಉತ್ತರ 2: ನೆಟ್ಟಗ ನಿಂತಾಗ ಬೆರಳು ತುದಿಗೆ ತಾಗತಾವ. ಅದಕ್ಕ ಹೆದರೇ ಮಂದಿ ದೊಡ್ಡದು ಇಸ್ಕೊಂತಾರ. ಹಿಮ್ಮಡಿ ಹಿಂದಕ್ಕ ಕುಟ್ಟಿ, ಬಕಲ್ ಹಾಕಿ, ಮೊಣಕಾಲು ಮುಂದ ಬಗ್ಗಿಸ್ರಿ. ಬೆರಳು ಹಿಂದ ಸರೀತಾವ. ಸಾಕ್ಸ್ ಒಂದೇ, ತೆಳ್ಳಂದು. ಎರಡು ಹಾಕಿದ್ರ ಬಿಗಿಯಾಗಿ ರಕ್ತ ಓಡಂಗಿಲ್ಲ, ಕಾಲು ಇನ್ನಷ್ಟು ಥಂಡಿ. ಪ್ಯಾಂಟಿನ ತುದಿನೂ ಒಳಗ ಸಿಗಿಸಬ್ಯಾಡ್ರಿ.

ಉತ್ತರ 3: ಫ್ಲೆಕ್ಸ್, ಅಂದ್ರ ಬೂಟು ಬಗ್ಗಾಕ ಎಷ್ಟು ಗಟ್ಟಿ ಅನ್ನೋ ನಂಬರ್, ಗಂಡಸರಿಗೆ 70–90, ಹೆಣ್ಮಕ್ಕಳಿಗೆ 50–70 ಸಾಕು. ಮೊದಲ ಸಲ ಬಾಡಿಗಿನೇ ಛಲೋ. ಹಾಕ್ಕೊಂಡು 15 ನಿಮಿಷ ನಿಲ್ರಿ; ಸುತ್ತ ಬಿಗಿ ಇದ್ರ ಸರಿ, ಒಂದೇ ಕಡೆ ಚುಚ್ಚಿದ್ರ ಬದಲಿಸ್ರಿ.